ನೆಣವಿಲ್ಲದ ಪಾಲು

ಮುಂಬಯಿ ಹೊರವಲಯದ ಶಹಾಡಿನ ನಾಲೆ ದಂಡೆಯಲ್ಲಿ ಮಾನಮ್ಮ ಸಾಕಿದ ಹಂದಿಗಳು ಎಂಥವೆಂದರೆ, ಒಂದು ಮೈ ಕೊಡವಿದರೆ ಕಲ್ಯಾಣದ ಲೋಕಲ್ ಗಾಡಿ ಹಳಿಯ ಮೇಲೇ ತಡವರಿಸುತ್ತಿತ್ತು. ಹೋಟೆಲುಗಳ ಮಿಕ್ಕ ಇಡ್ಲಿ ಸಾಂಬಾರು ತಿಂದ ಅವುಗಳ ಬೆನ್ನಿನ ನೆಣ ನಾಲ್ಕು ಬೆರಳು ದಪ್ಪ; ಮಾನಮ್ಮನನ್ನು ಕೇಳಿದರೆ ಒಂದು ಮೊಳ.

ತೊಂಬತ್ತಾರನೇ ಇಸವಿಯಲ್ಲಿ, ಅವಳ ಹಂದಿಗಳನ್ನೆಲ್ಲ ಸಗಟು ಕೊಳ್ಳುತ್ತಿದ್ದ ಸರ್ವೋತ್ತಮ ತನ್ನ ಸ್ಕೂಟರ್ ಮೇಲೆ ಐಸ್ ಡಬ್ಬಿ ಇಟ್ಟುಕೊಂಡು ಬಂದ. ಒಳಗೆ ವಿದೇಶದ ಸೂಜಿಮದ್ದು.

"ದಿನಾ ಒಂದು ಸೂಜಿ ಮಾನಮ್ಮ. ಹಂದಿ ಬೇಗ ಬೆಳೀತದೆ, ನೆಣ ಇಲ್ಲ, ಬರೀ ಮಾಂಸ. ದೊಡ್ಡ ಹೋಟೆಲಿನವರಿಗೆ ಅದೇ ಬೇಕು. ಸೂಜಿ ಹಾಕದ್ದನ್ನು ಇನ್ನು ನಾನು ಮುಟ್ಟುದಿಲ್ಲ."

"ಸೂಜಿ ಯಾರ ರೊಕ್ಕದ್ದು ಅಣ್ಣಾರ?"

"ನಿನ್ನದೇ ಮಾರಾಯ್ತಿ. ಎಂಜಲು ಸಾಲುದಿಲ್ಲ, ಸೋಯಾ ಹಿಂಡಿಯೂ ತರ್ಬೇಕು."

"ಕಿಲೋಕ್ಕ ದರ ಏರಸ್ತೀರಿ?"

"ದರ ಅದೇ. ಬೇಗ ಬೆಳೆಯುವುದೇ ಲಾಭ ಅಲ್ವಾ?"

"ಪುಕ್ಕಟೆ ಎಂಜಲು ಬಿಟ್ಟು, ರೊಕ್ಕ ಕೊಟ್ಟು ಅವಸರ ಮಾಡಬೇಕೇನ್ರಿ? ನಾಲಾದಾಗಿನ ಮಂದಿ ಎಲ್ಲಾ ಸೂಜಿ ಹಾಕಿದ್ರ ಮಾಲು ತುಂಬತದ. ಆಗ ದರ ಇಳಸೋರೂ ನೀವೇ!"

ಗಂಡ ಸೈದಪ್ಪ ಹೆದರಿದ. "ಇವರು ಬಿಟ್ರ ನಮ್ಮ ಹಂದಿ ಯಾರು ತೊಗೋತಾರ? ದೊಡ್ಡಿ ಮುಚ್ಚೂದೇ."

ಅವನ ಮುಖ ನೋಡಿ ಮಾನಮ್ಮ ಒಂದೇ ಒಂದು ಹಂದಿಗೆ ಸೂಜಿ ಹಾಕಿಸಿದಳು. ಮೊದಲ ದಿನ ಅದರ ಕಾಲು ಹಿಡಿದ ಸೈದಪ್ಪನನ್ನು ಆ ಹಂದಿ ಎರಡು ಸ್ಟೇಷನ್ ಆಚೆಯ ಟಿಟವಾಳದ ತನಕ ಎಳೆದೊಯ್ದಿತು. ಅವನು ವಾಪಸು ಬರಲು ಟಿಕೆಟ್ ತೆಗೆಸಬೇಕಾಯಿತು. ಆದರೂ ಸೂಜಿ ಒಂದು ದಿನವೂ ತಪ್ಪಲಿಲ್ಲ. ಬೆಳೆದ ಮೇಲೆ, ಮೊದಲು ತಿನ್ನುವವರೇ ನೋಡಿ ಹೇಳಲೆಂದು, ಸರ್ವೋತ್ತಮನಿಗೆ ಕೊಡದೆ ಭಾನುವಾರ ತನ್ನ ಓಣಿಯಲ್ಲೇ ಕಡಿಸಿ, ಮುತ್ತುಗದ ಎಲೆಗಳ ಮೇಲೆ ಪಾಲು ಹಾಕಿದಳು. ಪ್ರತಿ ಪಾಲಿನ ನೆತ್ತಿಯ ಮೇಲೆ ಒಂದು ತುಂಡು ನೆಣ ಇರಲೇಬೇಕು. ಓಣಿಯ ಹಮಾಲರ ಮನೆಗಳಲ್ಲಿ ವಾರವಿಡೀ ಒಗ್ಗರಣೆಗೆ ಅದನ್ನೇ ಕರಗಿಸುವುದು. ಅಂದು ಎಲ್ಲ ಪಾಲೂ ಬೋಳು.

ನೆರೆಮನೆಯ ಚಂದ್ರಬಾಯಿ ಹೆಬ್ಬೆರಳಿನಿಂದ ಒತ್ತಿ ನೋಡಿದಳು. "ನೆಣ ಎಲ್ಲಿ ಅದವ್ವಾ? ನೀರಾಗ ಒಗ್ಗರಣಿ ಹಾಕ್ಲೇನು?"

ಒಂದು ಪಾಲೂ ಖರ್ಚಾಗಲಿಲ್ಲ. ಮಾನಮ್ಮ ತಡಮಾಡದೆ ಎಂಜಲು ತಿಂದದ್ದೊಂದನ್ನು ಕಡಿಸಿದಳು. ಕತ್ತಿ ಒರೆಸುವುದರೊಳಗೆ ಎಲೆಗಳೂ ಉಳಿಯಲಿಲ್ಲ!

"ಕಂಡ್ಯಾ?" ಎಂದಳು ಗಂಡನಿಗೆ. "ತೊಗೊಳ್ಳೋರು ಇಲ್ಲೇ ನಿಂತಿದ್ರು. ನಾವೇ ಸ್ಕೂಟರ್ ದಾರಿ ನೋಡಕೋತ ಕುಂತಿದ್ದೆವು."

ಅಂದಿನಿಂದ ಪ್ರತಿ ಭಾನುವಾರ ಪಾಲು. ಅತ್ತ ನಾಲೆಯ ಉಳಿದವರೆಲ್ಲ ಸೂಜಿ ಹಾಕಿದರು, ಮಾಲು ತುಂಬಿತು, ದರ ಬಿತ್ತು. ಹಿಂಡಿಯ ಖರ್ಚೂ ಹುಟ್ಟದೆ ಅವರು ಸೂಜಿಯ ಡಬ್ಬಿಗಳನ್ನು ನಾಲೆಗೇ ಎಸೆದು, ಹಂದಿ ಸಾಕುವುದನ್ನೇ ಬಿಟ್ಟರು. ಒಂದು ಭಾನುವಾರ ಸರ್ವೋತ್ತಮ ಬರಿಗೈಲಿ ಬಂದ.

"ಮಾನಮ್ಮ, ನಿನ್ನ ಹಂದಿ ಹೇಗಿದ್ರೂ ಅಡ್ಡಿಲ್ಲ, ಕೊಡು."

"ಇಡೀ ಹಂದಿ ಕೊಡಾಂಗಿಲ್ರಿ ಅಣ್ಣಾರ. ಪಾಲು ಬೇಕಂದ್ರ ಚಂದ್ರಬಾಯಿ ಹಿಂದ ನಿಂದರ್ರಿ."

ಸಾಲು ಅಂಬರನಾಥದವರೆಗೆ ಇತ್ತು.