(ಪಟ್ಟದರಸಿ ಉತ್ತರಿಸುವುದಿಲ್ಲ)

೧

ಈ ಕಥೆಯ ಮೊದಲ ವಾಕ್ಯವನ್ನು ಬೆಳಗ್ಗೆಯಿಂದ ಬರೆಯುತ್ತಲೂ ಹೊಡೆದುಹಾಕುತ್ತಲೂ ಇದ್ದೇನೆ. ಒಂದು ವಾಕ್ಯ ಶಾಲೆಯ ಗಂಟೆಯ ಸದ್ದಿನಿಂದ ಶುರುವಾಗುತ್ತಿತ್ತು. ಶಾಲೆಯ ಕಥೆಗಳೆಲ್ಲ ಹಾಗೇ ಶುರುವಾಗುತ್ತವೆ, ಓದುಗರು ಹಾಜರಿ ಕೂಗಿ ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಾರೆ. ಇನ್ನೊಂದರಲ್ಲಿ ಒಂದು ಅಭಿಪ್ರಾಯವಿತ್ತು. ಮತ್ತೊಂದರಲ್ಲಿ ಅದಕ್ಕೆ ತದ್ವಿರುದ್ಧವಾದ ಅಭಿಪ್ರಾಯವಿತ್ತು. ಎರಡನ್ನೂ ನಾನೇ ಬರೆದಿದ್ದೆ, ಎರಡೂ ನನಗೆ ಸರಿಯೆನಿಸಿದ್ದವು.

ಆದದ್ದು ಇಷ್ಟು. ಪತ್ರಿಕೆಯ ಸಂಪಾದಕರೊಬ್ಬರು ಫೋನ್ ಮಾಡಿ, "ಹಳೇ ನಾಟಕಗಳನ್ನ ಮಕ್ಕಳು ಸ್ಕೂಲಲ್ಲಿ ಓದ್ಲೇಬೇಕಾ? ಪರವಾಗಾದ್ರೂ ಬರೀರಿ, ವಿರೋಧವಾಗಾದ್ರೂ ಬರೀರಿ, ಆದ್ರೆ ಖಡಕ್ಕಾಗಿರ್ಲಿ," ಎಂದರು. ನನ್ನ ಕೈಯಲ್ಲಿ ಖಡಕ್ಕಾಗಿ ಬರುವುದು ಟೀ ಒಂದೇ. "ಲೇಖನ ಬೇಡ ಸಾರ್, ಕಥೆ ಕೊಡ್ತೀನಿ," ಎಂದೆ. ಅಭಿಪ್ರಾಯವಿಲ್ಲದವನಿಗೆ ಕಥೆಯೇ ಗತಿ.

೨

ಒಂದು ಹೈಸ್ಕೂಲು, ಒಂಬತ್ತನೇ ತರಗತಿ, ಭಾಷೆ ಕಲಿಸುವ ಒಬ್ಬ ಟೀಚರ್. ಪಠ್ಯದಲ್ಲಿ ಒಂದು ಹಳೆಯ ಪದ್ಯನಾಟಕ. (ಯಾವುದೆಂದು ಹುಡುಕಬೇಡಿ. ನಾನೇ ಕಟ್ಟಿದ್ದು. ಹಳೆಯದಾಗಿ ಕಾಣಲೆಂದು ಒಂದಿಷ್ಟು ಧೂಳು ಬಳಿದಿದ್ದೇನೆ.) ಅದರಲ್ಲಿ ಒಬ್ಬ ರಾಜ, ಅವನ ಪಟ್ಟದರಸಿ, ರಾಜನ ಸೆರೆಮನೆಯಲ್ಲಿ ಅವಳ ಅಣ್ಣ. ಒಂದು ದಿನ ಸೆರೆಯ ಬೀಗ ತೆರೆದಿದೆ, ಅಣ್ಣ ಇಲ್ಲ. ರಾಜ ತುಂಬಿದ ಸಭೆಯಲ್ಲಿ ಹೆಂಡತಿಯನ್ನು ಕೇಳುತ್ತಾನೆ: "ನುಡಿ ದೇವಿ, ಸೆರೆಯ ಬೀಗವ ತೆಗೆದ ಕೈ ಯಾವುದು, ನುಡಿ!" ಅದರ ಕೆಳಗೆ ಬ್ರಾಕೆಟ್ಟಿನಲ್ಲಿ: (ಪಟ್ಟದರಸಿ ಉತ್ತರಿಸುವುದಿಲ್ಲ.) ಆಮೇಲೆ ಮಂತ್ರಿಯ ಮಾತು, ಅದು ಅರ್ಧ ಪುಟ.

ಟೀಚರ್ ಇದನ್ನು ಓದಿಸುವುದು ಬೆಂಚಿನ ಸರದಿಯಲ್ಲಿ. ಮೊದಲ ಬೆಂಚಿನ ಬಲತುದಿಯಿಂದ ಶುರು, ಒಬ್ಬೊಬ್ಬರಿಗೆ ಒಂದೊಂದು ಮಾತು. ಯಾರು ರಾಜ, ಯಾರು ರಾಣಿ ಎಂಬ ತಕರಾರೇ ಇಲ್ಲ. ರಾಜ ಒಂದು ಮಾತಿಗೆ ಹುಡುಗಿ, ಮುಂದಿನ ಮಾತಿಗೆ ನೆಗಡಿಯಾದ ಹುಡುಗ. ಒಮ್ಮೆ ಒಬ್ಬ, ರಂಗಸೂಚನೆಯೂ ಒಂದು ಮಾತೇ ಎಂದುಕೊಂಡು ಎದ್ದು ನಿಂತು ಗಟ್ಟಿಯಾಗಿ ಓದಿದ: "ಬ್ರಾಕೆಟ್, ಅಳುತ್ತಾಳೆ, ಬ್ರಾಕೆಟ್ ಕ್ಲೋಸ್." ಟೀಚರಿಗೆ ಆ ದಿನ ಗಂಟಲು ಕಟ್ಟಿತ್ತು, ತಿದ್ದಲಿಲ್ಲ. ಅಂದಿನಿಂದ ಬ್ರಾಕೆಟ್ಟಿಗೂ ಒಂದು ಸರದಿ ಸಿಕ್ಕಿತು. ಮಕ್ಕಳಿಗೆ ಅದು ಪುಕ್ಕಟೆ ಸರದಿ. ತನಗೆ ಬ್ರಾಕೆಟ್ ಬೀಳಲಿ ಎಂದು ಎಲ್ಲರೂ ಮನಸ್ಸಿನಲ್ಲೇ ಹರಕೆ ಹೊರುತ್ತಾರೆ.

೩

ಈಗ ನಾಯಕಿ. ಮೂರನೇ ಬೆಂಚು, ಕಿಟಕಿ ಪಕ್ಕ. ಕ್ಲಾಸಿನಲ್ಲಿ ಅವಳಿಗೆ 'ಡಿಕ್ಷನರಿ' ಎಂದು ಹೆಸರು. ಒಂದು ಪದಕ್ಕೆ ನಾಲ್ಕು ಪದ ಗೊತ್ತು. ಬೇರೆಯವರು 'ಪುಸ್ತಕ' ಎನ್ನುವ ಕಡೆ ಅವಳು 'ಹೊತ್ತಗೆ' ಎನ್ನುತ್ತಾಳೆ. 'ಪಾಪ' ಎನ್ನುವ ಕಡೆ 'ಅಯ್ಯೋ' ಎನ್ನುತ್ತಾಳೆ. ಎಷ್ಟು ಓದಿಕೊಂಡಿದ್ದಾಳೆ ಎಂದು ಎಲ್ಲರಿಗೂ ಬೆರಗು.

ನಿಜ ಬೇರೆ. ಅವಳಿಗೆ ಮಾತು ತಡೆಯುತ್ತದೆ. ಎಲ್ಲ ಅಕ್ಷರಕ್ಕೂ ಅಲ್ಲ, ಕೆಲವಕ್ಕೆ. ಅದರಲ್ಲೂ 'ಪ' ಬಂದರೆ ತುಟಿ ಮುಚ್ಚುತ್ತದೆ, ಮುಚ್ಚಿದ್ದು ತೆರೆಯುವುದಿಲ್ಲ. ಆದ್ದರಿಂದ ಮಾತಾಡುತ್ತಲೇ ಮುಂದೆ ನೋಡಿಕೊಂಡು, 'ಪ' ಎದುರಾದರೆ ಪಕ್ಕದ ಓಣಿಗೆ ಹೊರಳಿ ಬೇರೆ ಪದ ಹಿಡಿಯುತ್ತಾಳೆ. ಆ ಪಾಂಡಿತ್ಯವೆಲ್ಲ ಹೀಗೆ ತಪ್ಪಿಸಿಕೊಂಡು ಓಡಾಡಿ ಬಂದದ್ದು.

ತಪ್ಪಿಸಿಕೊಳ್ಳಲು ಆಗದಿದ್ದಾಗ ಏನಾಗುತ್ತದೆ ಎಂದರೆ, ಸುತ್ತಲಿನವರು ಅವಳ ಪದವನ್ನು ತಾವೇ ಮುಗಿಸಿಕೊಡುತ್ತಾರೆ. ಪ್ರೀತಿಯಿಂದಲೇ. ಅಂಗಡಿಯವರು, ಕಂಡಕ್ಟರ್, ಚಿಕ್ಕಮ್ಮ, ಪಕ್ಕದ ಸೀಟಿನ ಹುಡುಗ. ಅವಳಿಗೆ ಅದಕ್ಕಿಂತ ಬೇಸರದ ಸಂಗತಿ ಲೋಕದಲ್ಲಿ ಇನ್ನೊಂದಿಲ್ಲ. ಅವಳಿಗೆ ಬೇಕಾದದ್ದು ಇಷ್ಟೇ: ತಾನು ಹಿಡಿದ ಪದವನ್ನು ತಾನೇ ಮುಗಿಸುವುದು, ಇಲ್ಲವೇ ತಾನೇ ಬಿಡುವುದು.

೪ (ಕೈಬಿಟ್ಟ ಕರಡು)

ನಾಟಕದ ಸಾಲು ಓದುತ್ತಿದ್ದಂತೆ ಪದ್ಯದ ಲಯ ಅವಳನ್ನು ಎತ್ತಿಕೊಂಡಿತು. ತೊದಲು ಮಾಯವಾಯಿತು. ಟೀಚರ ಕಣ್ಣು ತುಂಬಿತು. ನಾಟಕವನ್ನು ಪಠ್ಯದಲ್ಲಿ ಇಡುವುದೋ ತೆಗೆಯುವುದೋ ಎಂದು ನೋಡಲು ಬಂದಿದ್ದ ಸಮಿತಿಯವರು ಎದ್ದು ನಿಂತು, "ಇಂಥ ನಾಟಕವನ್ನ ನಾವು ತೆಗೆಯೋದಾ!" ಎಂದರು.

"ಅಂಕಲ್, ಒಂದ್ನಿಮಿಷ."

(ನಾಯಕಿಯೇ ಅಡ್ಡಬಂದಳು. ಅಂಕಲ್ ಅಂತೆ. ಇರಲಿ.)

"ಇದನ್ನ ಹೊಡೆದುಹಾಕಿ. ಹಾಡಿದ್ರೆ ತೊದಲು ಹೋಗುತ್ತೆ ಅಂತ ಎಲ್ಲೋ ಓದಿದ್ದೀರ ತಾನೆ?"

"ಓದಿದ್ದೀನಿ. ಯಾಕೆ, ಸುಳ್ಳಾ?"

"ಹಾಡಿದ್ರೆ ಹೋಗ್ಬಹುದು. ಆದ್ರೆ ನಾನು ಹಾಡಲ್ಲ, ಓದ್ತೀನಿ, ಅದೂ ಎದ್ದು ನಿಂತ್ಕೊಂಡು, ಎಲ್ಲರ ಮುಂದೆ. ಮಾತಲ್ಲಾದ್ರೆ ಪದ ಬದಲಾಯಿಸ್ತೀನಿ. ನಾಟಕದಲ್ಲಿ ಒಂದಕ್ಷರ ಆಚೀಚೆ ಮಾಡೋ ಹಾಗಿಲ್ಲ, ಎಲ್ಲರ ಕೈಲೂ ಬುಕ್ ಇರುತ್ತೆ. ಅದಕ್ಕೇ ಈ ನಾಟಕ ಹೋಗ್ಲಿ ಅಂತ ನನಗೆ."

"ಹಾಗಾದ್ರೆ ನೀನು ವಿರೋಧ?"

"ನಾನು ಯಾವ ಕಡೆ ಅಂತ ಬರ್ಕೊಂಡು ನಿಮ್ಮ ಲೇಖನಕ್ಕೆ ಹಾಕ್ಬೇಡಿ. ಮತ್ತೆ ಇನ್ನೊಂದು. ನಾನು ಇಷ್ಟು ಸಲೀಸಾಗಿ ಎಲ್ಲಿ ಮಾತಾಡ್ತೀನಿ? ನನ್ನ ಮಾತಿಗೆಲ್ಲ ನೀವು ಇಸ್ತ್ರಿ ಹಾಕಿ ಬರೀತಿದ್ದೀರ."

ಇಸ್ತ್ರಿಯ ಮಾತು ಅವಳಿಗೆ ಸಹಜವಾಗಿ ಬಂದದ್ದು. ಅವಳಮ್ಮ ಒಂದು ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ನಾನು ತಲೆ ತಗ್ಗಿಸಿ ಕರಡು ಹರಿದೆ.

೫

ಲಾಂಡ್ರಿ. ಉದ್ದದ ಮೇಜು, ಅದರ ಮೇಲೆ ಹಳೇ ಕಂಬಳಿ, ಕಂಬಳಿಯ ಮೇಲೆ ಸುಟ್ಟ ಕಲೆಗಳಿರುವ ಬಿಳಿ ಬಟ್ಟೆ. ಅಮ್ಮ ಮೊದಲು ಕಾಲರ್, ಆಮೇಲೆ ಭುಜ, ಆಮೇಲೆ ತೋಳು ಎಂದು ಅಂಗಿ ತಿರುಗಿಸುತ್ತಿದ್ದರೆ, ಮಗಳು ಹ್ಯಾಂಗರುಗಳ ಕೆಳಗಿನ ಸ್ಟೂಲಿನಲ್ಲಿ ಕೂತು ಮಂತ್ರಿಯ ಮಾತು ಓದುತ್ತಿದ್ದಾಳೆ. ಗುರುವಾರ ಪಠ್ಯ ಸಮಿತಿಯವರೊಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುತ್ತಾರೆ. ನಾಟಕವನ್ನು ಇಡುವುದೋ, ಅದನ್ನು ತೆಗೆದು 'ಸಂದರ್ಶನ ಎದುರಿಸುವುದು ಹೇಗೆ' ಎಂಬ ಪಾಠ ಹಾಕುವುದೋ ಎಂದು ತೀರ್ಮಾನಿಸುತ್ತಾರೆ. ಸರದಿ ಲೆಕ್ಕ ಹಾಕಿದರೆ ಅವಳಿಗೆ ಬೀಳುವುದು ಮಂತ್ರಿ. ಉದ್ದ ನಿಜ, ಆದರೆ "ಅರಸ, ಆಲಿಸು" ಎಂದು ಶುರುವಾಗುತ್ತದೆ. 'ಅ'ದಿಂದ ಶುರುವಾದರೆ ಅರ್ಧ ಗೆದ್ದಂತೆ.

"ನಾನು ಬಂದು ನಿಮ್ಮ ಟೀಚರ್ ಹತ್ರ ಒಂದು ಮಾತು ಹೇಳ್ಲೇನೇ? ಓದಿಸ್ಬೇಡಿ ಅಂತ?"

"ಬೇಡಮ್ಮಾ. ಆಮೇಲೆ ಎಲ್ಲರೂ ಅಯ್ಯೋ ಅಂತಾರೆ."

"ಅಂದ್ರೆ ಅನ್ಲಿ ಬಿಡು, ಅವರ ಬಾಯಿ."

"ಅದು ನನ್ನ ಮೈಗೆ ಅಂಟ್ಕೊಳುತ್ತಮ್ಮಾ."

ಅಮ್ಮ ಅಂಗಿ ಮಡಚಿ ಪಕ್ಕಕ್ಕಿಟ್ಟರು. ನನಗೆ ಈ ತಾಯಿಯನ್ನು ಕಂಡರೆ ತುಂಬ ಇಷ್ಟ. ಇನ್ನೂ ಎರಡು ಪುಟ ಇವರ ಬಗ್ಗೆ ಬರೆಯುತ್ತಿದ್ದೆ, ಆದರೆ ಅಷ್ಟರಲ್ಲಿ ಟೀಚರ್ ಬಂದರು.

೬

"ನನ್ನನ್ನ ಯಾಕೆ ಇಷ್ಟು ಪೆದ್ದಿ ಮಾಡಿದ್ದೀರ?" ಎಂದು ನೇರವಾಗಿ ಕೇಳಿದರು.

"ಇಲ್ಲ ಮೇಡಂ, ನಾನು..."

"ಬೆಂಚಿನ ಸರದಿ, ಬ್ರಾಕೆಟ್ ಕ್ಲೋಸ್. ಓದೋರು ನಗ್ತಾರೆ. ನಗ್ಲಿ. ಆದ್ರೆ ಆ ಕ್ಲಾಸಲ್ಲಿ ಎಷ್ಟು ಮಕ್ಕಳಿದ್ದಾರೆ ಗೊತ್ತಾ? ಪಾತ್ರ ಹಂಚಿದ್ರೆ ಐದು ಜನ ಓದ್ತಾರೆ, ಉಳಿದೋರು ಆಕಳಿಸ್ತಾರೆ. ಎಲ್ಲರ ಬಾಯಲ್ಲೂ ಒಂದು ಹಳೇ ಮಾತು ಆಡ್ಸೋಣ ಅಂತ ಆ ಸರದಿ ಮಾಡಿದ್ದು."

"ಇದು ನನಗೆ ಹೊಳೆದಿರ್ಲಿಲ್ಲ ಮೇಡಂ."

"ಬರೆಯೋರು ನೀವು, ಹೊಳೀಬೇಕಾದ್ದು ನಮಗೆ," ಎಂದು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ದನಿ ಇಳಿಸಿ, "ನಿಜ ಹೇಳ್ಲಾ? ನನಗೂ ಈ ನಾಟಕ ಸಾಕಾಗಿದೆ. 'ಪಟ್ಟದರಸಿ ಏಕೆ ಉತ್ತರಿಸಲಿಲ್ಲ? ಮೂರು ಅಂಕ. ಅಪರಾಧಪ್ರಜ್ಞೆಯಿಂದ.' ಪ್ರತಿ ವರ್ಷ ಇದನ್ನೇ ಹೇಳಿ ಬರೆಸ್ತೀನಿ. ತೆಗೆದ್ರೆ ತೆಗೀಲಿ ಅನ್ಸುತ್ತೆ. ತೆಗೀತಾರೆ ಅಂದ್ಕೂಡ್ಲೇ ಜಗಳಕ್ಕೆ ನಿಲ್ಲೋಣ ಅನ್ಸುತ್ತೆ. ಇದನ್ನ ಬರೀರಿ ಬೇಕಾದ್ರೆ," ಎಂದರು.

ಬರೆದಿದ್ದೇನೆ ಮೇಡಂ.

೮

(ಏಳು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಸಮಿತಿಯವರ ಮನೆ, ಅವರ ಮಂಡಿನೋವು, ಅವರೂ ಮನುಷ್ಯರೇ ಎಂಬ ವಿವರಣೆ ಇತ್ತು. ಅವರು ಮನುಷ್ಯರೇ. ಸ್ಥಳ ಸಾಲಲಿಲ್ಲ.)

ಗುರುವಾರ. ಸಮಿತಿಯವರು ಹಿಂದಿನ ಬೆಂಚಿನಲ್ಲಿ ಮಂಡಿ ಚಾಚಿ ಕೂತಿದ್ದಾರೆ, ಮಡಿಲಲ್ಲಿ ಪುಸ್ತಕ. ಸರದಿ ಹೊರಟಿತು. ಮೊದಲ ಬೆಂಚು ಮುಗಿದು ಎರಡನೆಯದಕ್ಕೆ ಬಂದಾಗ ಡಿಕ್ಷನರಿ ಗಮನಿಸಿದಳು: ಅಲ್ಲೊಂದು ಸೀಟು ಖಾಲಿ. ಯಾರಿಗೋ ಜ್ವರ. ಒಬ್ಬರು ಕಡಿಮೆಯಾದರೆ ಎಲ್ಲರ ಮಾತೂ ಒಂದೊಂದು ಹಿಂದಕ್ಕೆ ಸರಿಯುತ್ತದೆ. ಅವಳ ಮಂತ್ರಿ ಪಕ್ಕದ ಹುಡುಗನ ಪಾಲಾದ. ಅವಳಿಗೆ ಬಿದ್ದದ್ದು ಬ್ರಾಕೆಟ್.

ಪಕ್ಕದ ಹುಡುಗ ಅವಳನ್ನು ನೋಡಿ ಹೊಟ್ಟೆಕಿಚ್ಚಿನಿಂದ, "ಪುಕ್ಕಟೆ ಹೊಡೆದ್ಯಲ್ಲೇ," ಎಂದ.

ಅವಳು ಸಾಲು ನೋಡಿದಳು. ಎರಡೇ ಪದ. ಮೊದಲನೆಯದರ ಮೊದಲ ಅಕ್ಷರ 'ಪ'.

(ಇಲ್ಲಿ ನಾನು ತಡೆಯಬಹುದಿತ್ತು. ಬೆಲ್ ಬಾರಿಸಬಹುದಿತ್ತು, ಕರೆಂಟು ತೆಗೆಯಬಹುದಿತ್ತು. ಪಟ್ಟದರಸಿಯನ್ನು ಬರೀ 'ಅರಸಿ' ಎಂದು ಮಾಡಿಬಿಟ್ಟರೂ ಸಾಕಿತ್ತು, ನಾಟಕ ನನ್ನದೇ ತಾನೆ! ಆದರೆ ಅದನ್ನು ಎಲ್ಲರ ಕೈಯಲ್ಲೂ ಇಟ್ಟಾಗಿತ್ತು. ನನಗೂ ಒಂದಕ್ಷರ ಆಚೀಚೆ ಮಾಡುವ ಹಾಗಿರಲಿಲ್ಲ.)

ಅವಳಿಗಿಂತ ಮೊದಲಿನ ಸರದಿಯವಳು ರಾಜನಾಗಿ ಎದ್ದು, "ನುಡಿ ದೇವಿ, ಸೆರೆಯ ಬೀಗವ ತೆಗೆದ ಕೈ ಯಾವುದು, ನುಡಿ!" ಎಂದು ಒಂದೇ ಉಸಿರಿಗೆ ಓದಿ ಧಡಕ್ಕನೆ ಕೂತಳು.

ಡಿಕ್ಷನರಿ ಎದ್ದು ನಿಂತಳು. ಪುಸ್ತಕವನ್ನು ಬೆಂಚಿನ ಮೇಲೆ ಇಟ್ಟಳು. ತುಟಿ ಮುಚ್ಚಿತ್ತು. ಕಣ್ಣು ನೇರ ಮುಂದೆ. ಅವಳು ಏನೂ ಹೇಳಲಿಲ್ಲ.

ಪಕ್ಕದ ಹುಡುಗ ಅಭ್ಯಾಸಬಲದಿಂದ 'ಪಟ್ಟ...' ಎನ್ನಲು ಬಾಯಿ ತೆರೆದವನು, ಅವಳ ಮುಖ ನೋಡಿ ಮುಚ್ಚಿಕೊಂಡ. ಅವನ ಬೆರಳು ಮಂತ್ರಿಯ ಸಾಲಿನ ಮೇಲಿತ್ತು. ಅವನು ಶುರು ಮಾಡಲಿಲ್ಲ. ಪುಸ್ತಕದಲ್ಲಿ ಹೂತಿದ್ದ ತಲೆಗಳು ಒಂದೊಂದಾಗಿ ಮೇಲೆದ್ದವು. ಸಮಿತಿಯವರು ಕೆಮ್ಮಲು ಹೋಗಿ ತಡೆದುಕೊಂಡರು. ಟೀಚರ ನಾಲಿಗೆಯ ತುದಿಯಲ್ಲಿ 'ಪರವಾಗಿಲ್ಲ, ಕೂತ್ಕೋ' ಸಿದ್ಧವಾಗಿತ್ತು. ಅವರು ಹುಡುಗಿಯ ಮುಖ ನೋಡಿದರು. ಅಲ್ಲಿ ಅಪರಾಧಪ್ರಜ್ಞೆ ಇರಲಿಲ್ಲ. ಹಟ ಇತ್ತು, ಸ್ವಲ್ಪ ಭಯ ಇತ್ತು, ಕೇಳಿದ ಕೂಡಲೇ ಉತ್ತರ ಕೊಡಬೇಕೆಂದು ಯಾರು ಹೇಳಿದರು ಎಂಬಂಥದೇನೋ ಇತ್ತು. ಇಷ್ಟು ವರ್ಷ ಮೂರು ಅಂಕದ ಉತ್ತರ ತಪ್ಪು ಬರೆಸಿದೆನೇನೋ ಎಂದು ಅವರಿಗೆ ಮೊದಲ ಬಾರಿಗೆ ಅನ್ನಿಸಿತು. ಕೂತ್ಕೋ ಎನ್ನಲಿಲ್ಲ.

೯ (ಬೇಕಾದದ್ದು ಆರಿಸಿಕೊಳ್ಳಿ)

ಅ. ಚಪ್ಪಾಳೆ. ನಾಟಕ ಉಳಿಯಿತು. ಈ ಮುಕ್ತಾಯಕ್ಕೆ ಹಿನ್ನೆಲೆ ಸಂಗೀತ ಬೇಕು, ನನ್ನ ಬಳಿ ಇಲ್ಲ.

ಆ. ಸಮಿತಿಯವರು ವರದಿಯಲ್ಲಿ, "ಮಕ್ಕಳಿಗೆ ರಂಗಸೂಚನೆ ಯಾವುದು, ಮಾತು ಯಾವುದು ಎಂದೂ ತಿಳಿದಿಲ್ಲ, ಒಬ್ಬ ವಿದ್ಯಾರ್ಥಿನಿಗೆ ಎರಡು ಪದ ಓದಲಾಗಲಿಲ್ಲ," ಎಂದು ಬರೆದರು. ನಾಟಕ ಹೋಯಿತು. ಅವರು ಸುಳ್ಳು ಬರೆದರೆಂದು ನಾನು ಹೇಳಲಾರೆ.

ಇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾಟಕವನ್ನು ಐಚ್ಛಿಕ ಮಾಡಿದರು. ಯಾರೂ ಆರಿಸಲಿಲ್ಲ.

ಸಂಪಾದಕರು ಮತ್ತೆ ಫೋನ್ ಮಾಡಿದ್ದರು. "ಕೊನೆಗೆ ಓದ್ಬೇಕೋ ಬೇಡ್ವೋ, ಅದನ್ನ ಹೇಳಿ ಮಾರಾಯ್ರೆ!" ಗೊತ್ತಿಲ್ಲ ಸಾರ್. ಆ ನಾಟಕ ಇಲ್ಲದಿದ್ದರೆ ಅವಳು ಹಾಗೆ ಎದ್ದು ನಿಂತು ಬೆವರಬೇಕಾಗಿರಲಿಲ್ಲ. ಆ ನಾಟಕ ಇಲ್ಲದಿದ್ದರೆ ಅವಳ ಮೌನಕ್ಕೆ ಒಂದು ಸಿಂಹಾಸನವೂ ಇರುತ್ತಿರಲಿಲ್ಲ. ಎರಡೂ ನನಗೆ ಸರಿಯೆನಿಸುತ್ತವೆ.

೧೦

ಒಂದು ಮಾತ್ರ ತಿಳಿಯದೆ ಸಮಾಧಾನವಿಲ್ಲ. ಅವಳು ರಾಣಿಯಾಗಿ ನಿಂತಳೋ, ಅಥವಾ 'ಪ' ಅವಳನ್ನು ಹಿಡಿದು ನಿಲ್ಲಿಸಿತೋ? ಬರೆದವನಿಗೇ ಗೊತ್ತಿಲ್ಲ ಎಂದರೆ ನೀವು ನಂಬುವುದಿಲ್ಲ. ಮುಚ್ಚಿದ ತುಟಿ ಎರಡಕ್ಕೂ ಒಂದೇ ಥರ ಕಾಣುತ್ತದೆ.

ಶಾಲೆ ಬಿಟ್ಟ ಮೇಲೆ ಲಾಂಡ್ರಿಯ ಬಾಗಿಲಲ್ಲಿ ಅವಳನ್ನು ಹಿಡಿದೆ.

"ನೀನಾಗೇ ಮಾಡಿದ್ದೇನಮ್ಮಾ, ಅಥವಾ ತಡೀತಾ? ಯಾರಿಗೂ ಹೇಳಲ್ಲ."

"ಅಂಕಲ್, ನೀವು ಹೇಳ್ತೀರ. ಅಚ್ಚು ಹಾಕಿಸ್ತೀರ."

"ಸರಿ, ಹೇಳ್ತೀನಿ. ಆದ್ರೂ ಕೇಳ್ತಿದ್ದೀನಿ."

ಅವಳು ಬ್ಯಾಗನ್ನು ಒಂದು ಭುಜದಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಒಳಗೆ ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ ಇತ್ತ ನೋಡಿದರು. ಹುಡುಗಿ ನನ್ನನ್ನು ನೋಡುತ್ತ, ಈ ಸಲ ಯಾವ ಓಣಿಗೂ ಹೊರಳದೆ, ನೇರವಾಗಿ ಆ ಅಕ್ಷರದ ಎದುರಿಗೇ ಹೋಗಿ ನಿಂತಳು.

"ಪ..."

ಅವಳು ಏನು ಹೇಳಹೊರಟಿದ್ದಾಳೆಂದು ನನಗೆ ಅಂದಾಜಿದೆ. ನಿಮಗೂ ಇರಬಹುದು. ಪೆನ್ನು ನನ್ನ ಕೈಯಲ್ಲಿದೆ, ಮುಂದಿನ ಅಕ್ಷರ ಬರೆದರೆ ಕಥೆ ಮುಗಿಯುತ್ತದೆ.

"ಪ..."

ನಾನು ಬರೆಯುವುದಿಲ್ಲ. ಅವಸರವಿದ್ದವರು ಹೊರಡಿ, ನಾನು ಇಲ್ಲೇ ಬಾಗಿಲ ಬಳಿ ನಿಂತಿರುತ್ತೇನೆ.