ಲಾರಿ ಪಾಟಾದ ಕೊಯ್ತಾ

ಸಾಬವ್ವ ಮೂರನೆಯ ಕೊಯ್ತಾವನ್ನೂ ಕೆಳಗಿಟ್ಟಳು. ಕಲ್ಯಾಣ ಸ್ಟೇಶನ್ನಿನ ಹೊರಗೆ ಗೋಣಿತಾಟಿನ ಮೇಲೆ ಕುಡುಗೋಲು, ಖುರಪಿ, ಮಚ್ಚಿನ ಹಾಗೆ ಮೂತಿ ಬಾಗಿದ ದೊಡ್ಡ ಕೊಯ್ತಾಗಳನ್ನು ಹರವಿಕೊಂಡು ಕೂತಿದ್ದ ಕಮ್ಮಾರನ ಹೆಂಡತಿಗೆ ಸಾಕಾಗಿ ಹೋಗಿತ್ತು.

"ಲೇನಾ ಹೈ ತೋ ಲೇವ್ ಬಾಯಿ. ಸಾತ್ ರೂಪಯಾ. ಇಸ್ಸೆ ಸಸ್ತಾ ಕಹಾಂ ಮಿಲೇಗಾ?"

"ಸಸ್ತಾ ಹೈ. ಪತಲಾ ಹೈ," ಅಂದಳು ಸಾಬವ್ವ. ಏಳು ರೂಪಾಯಿ ಅಗ್ಗವೇ, ಆದರೆ ತೆಳು ಅಲಗು ಸೊಪ್ಪಿಗೆ, ಎಳೆ ಟೊಂಗೆಗೆ ಸಾಕು. ಅವಳು ಕಡಿಯಬೇಕಾಗಿದ್ದುದು ಜಾಲಿ.

ಡೊಂಬಿವಿಲಿಯಲ್ಲಿ ಅವಳೂ ಗಂಡ ಯಂಕಪ್ಪನೂ ದುಡಿಯುತ್ತಿದ್ದ ನಾಲ್ಕು ಮಾಳಿಗೆಯ ಕಟ್ಟಡದ ಪಕ್ಕದ ಜಾಗವನ್ನು ಹೋದ ವಾರ ಸಮ ಮಾಡಿದ್ದರು. ಉರುಳಿಸಿದ ಜಾಲಿಗಿಡಗಳು ಅಲ್ಲೇ ಬಿದ್ದಿದ್ದವು. ಬೇಕಾದವರು ಒಯ್ಯಬಹುದು ಎಂದಿದ್ದರು. ಮೇ ಮುಗಿಯುತ್ತ ಬಂದಿತ್ತು. ಮಳೆ ಹಿಡಿಯುವುದರೊಳಗೆ ಕಡಿದು ಗುಡಿಸಲಲ್ಲಿ ಒಟ್ಟಿಕೊಂಡರೆ ದೀಪಾವಳಿಯ ತನಕ ಒಲೆಯ ಚಿಂತೆಯಿಲ್ಲ. ರೇಶನ್ ಕಾರ್ಡಿಲ್ಲದವರಿಗೆ ಸೀಮೆಎಣ್ಣೆ ಎಲ್ಲಿಯದು? ಹಿಂದಿನ ಮಳೆಗಾಲ ಪೂರ್ತಿ ಹಸಿ ಹಲಗೆಯ ಚೂರುಗಳನ್ನು ಊದಿ ಊದಿ ಅವಳ ಕಣ್ಣು ಬಾತಿದ್ದವು. ಅರೆಬೆಂದ ರೊಟ್ಟಿ ತಿಂದ ಮಗಳು ತಿಂಗಳುಗಟ್ಟಲೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು.

ಕಮ್ಮಾರ ಹಿಂದಿನಿಂದ ಒಂದನ್ನು ತೆಗೆದು ಮುಂದಿಟ್ಟ. ಕರ್ರಗಿತ್ತು, ಹೊಳಪಿರಲಿಲ್ಲ.

"ಗಾಡೀಚಾ ಪಾಟಾ," ಅಂದ. ಲಾರಿಯ ಚಕ್ರದ ಮೇಲೆ ಭಾರ ಹೊರುವ ಉಕ್ಕಿನ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದ್ದು.

ಸಾಬವ್ವ ಕೈಯಲ್ಲಿ ತೂಗಿ ನೋಡಿದಳು. ಏಟು ತಾನಾಗಿ ಬೀಳುವ ಹಾಗೆ ಭಾರವೆಲ್ಲ ಮೂತಿಯ ಕಡೆಗಿತ್ತು. ಅಲಗಿನ ಬಾಲ ಹಿಡಿಯ ಕೊನೆಯ ತನಕ ಹೋಗಿ ಹೊರಗೆ ಮಡಚಿಕೊಂಡಿತ್ತು. ಅರ್ಧಕ್ಕೆ ನಿಂತದ್ದಾದರೆ ನಾಲ್ಕು ದಿನಕ್ಕೆ ಕಳಚಿ ಹಾರುತ್ತದೆ. ಒಂದು ಕಣ್ಣು ಮುಚ್ಚಿ ಬಾಯಿ ನೇರವಿದೆಯೇ ನೋಡಿದಳು. ಉಗುರಿನಿಂದ ಚಿಮ್ಮಿದರೆ ಸಣ್ಣಗೆ ಗುಂಯ್ ಎಂದಿತು. ಹದಿನಾರು ಎಂದವನನ್ನು ಹದಿನಾಲ್ಕಕ್ಕೆ ಇಳಿಸಿದಳು. ಅವಳ ಎರಡು ದಿನದ ಕೂಲಿ. ಊರು ಬಿಟ್ಟ ಐದು ವರ್ಷಗಳಲ್ಲಿ ಅವಳು ತಾನೇ ಆರಿಸಿ ಕೊಂಡ ಮೊದಲ ವಸ್ತು ಅದು.

ಮರುದಿನ ಕೆಲಸ ಬಿಟ್ಟ ಮೇಲೆ ಕಡಿಯಲು ನಿಂತಳು. ತೊಡೆಗಾತ್ರದ ಜಾಲಿ ಆರೇಳು ಏಟಿಗೆ ಎರಡಾಯಿತು. ಊರಿನಿಂದ ಇವರನ್ನೆಲ್ಲ ಕರೆತಂದು ಕೆಲಸಕ್ಕೆ ಹಚ್ಚಿದ ಮುಕಾದಮ ಜಟ್ಟೆಪ್ಪ ಬೀಡಿ ಸೇದುತ್ತ ನೋಡುತ್ತಿದ್ದ.

"ಯಾರು ಆರಿಸಿದ್ರಬೇ ಇದನ್ನ?"

"ನಾನರಿ."

"ಛಲೋ ಐತಿ."

ಮಂಗಳವಾರ ಸಂಜೆ ಗುಡಿಸಲಿಗೆ ಬಂದರೆ ಕೊಯ್ತಾ ಇರಲಿಲ್ಲ. ಯಂಕಪ್ಪ ಗೋಡೆಗೆ ಒರಗಿ ಕಾಲು ಚಾಚಿದ್ದ.

"ಕೊಯ್ತಾ ಎಲ್ಲೈತಿ?"

"ಮುಕಾದಮಗ ಕೊಟ್ಟೀನಿ."

"ಕೊಟ್ಟೀನಂದ್ರ?"

"ಮನಸಿಗೆ ಬಂದೈತಿ ಅಂದ. ಒಯ್ರಿ ಧಣಿ ಅಂದೆ. ಮಳಿಗಾಲಕ್ಕ ಒಬ್ಬ ವಾಚಮನ್ನ ಇಟ್ಕೋತಾರಂತ. ನನ್ನ ಹೆಸರು ಹೇಳ್ತಾನ."

"ನನ್ನ ಒಂದು ಮಾತು ಕೇಳ್ಬೇಕಿತ್ತು."

"ಕಬ್ಬಿಣದ ತುಂಡಿಗೆ ಏನ್ ಕೇಳೂದು? ಸಸ್ತಾದ್ದು ಇನ್ನೊಂದು ತಂದ್ಕೋ."

ಮರುದಿನ ನಡುಹಗಲಿನ ಬಿಡುವಿನಲ್ಲಿ ಸಾಬವ್ವ ಜಟ್ಟೆಪ್ಪನ ಹತ್ತಿರ ಹೋದಳು. ಅವನ ಮನೆಯಲ್ಲಿ ಸ್ಟೋವಿತ್ತು, ಕಟ್ಟಿಗೆ ಕಡಿಯುವ ಗೊಡವೆಯೇ ಇರಲಿಲ್ಲ. ಕಬ್ಬಿಣದ ಸರಳುಗಳ ಕಂತೆಗೆ ಸುತ್ತಿದ ತಂತಿಯನ್ನು ಕೊಯ್ತಾದಿಂದ ಹೊಡೆದು ಬಿಚ್ಚುತ್ತಿದ್ದ. ಅಲಗಿನ ಬಾಯಿ ಮೂರು ಕಡೆ ಮುರಿದಿತ್ತು.

"ಅಣ್ಣಾ, ಅದು ನಂದು."

ಜಟ್ಟೆಪ್ಪ ಸಿಟ್ಟಾಗಲಿಲ್ಲ. "ನಿನ್ನ ಗಂಡ ಪ್ರೀತಿಲೆ ಕೊಟ್ಟಾನವ್ವಾ. ಬೇಕಾದ್ರ ಒಯ್ಯಿ. ವಾಚಮನ್ ಮಾತೂ ಇಲ್ಲಿಗೇ ಮುಗೀತು ಅಂತ ಆಂವಗ ಹೇಳು."

ಹಿಡಿ ಅವಳ ಕಡೆಗೆ ಮಾಡಿ ಚಾಚಿದ. ಅವಳು ಮುರಿದ ಬಾಯಿಯನ್ನು ನೋಡುತ್ತ ನಿಂತಳು. ಆಮೇಲೆ ಬರಿಗೈಯಲ್ಲಿ ತಿರುಗಿ ಹೋಗಿ ಗಾರೆಯ ಬುಟ್ಟಿ ಎತ್ತಿಕೊಂಡಳು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ವಾಚಮನ್ ಕೆಲಸಕ್ಕೆ ಜಟ್ಟೆಪ್ಪನ ಹೆಂಡತಿಯ ತಮ್ಮ ಬಂದ. ಯಂಕಪ್ಪ ಈ ಸುದ್ದಿ ಮನೆಯಲ್ಲಿ ಆಡಲಿಲ್ಲ. ನಳದ ಹತ್ತಿರ ನೆರೆಮನೆಯ ದ್ರೌಪದಿ ಅದನ್ನು ಹೇಳಿ ಕೇಳಿದಳು: "ನಿಮ್ಮಾಂವಗ ಆಗತೈತಿ ಅಂದಿದ್ರಲ್ಲವಾ, ಏನಾತು?" ಸಾಬವ್ವ ತುಂಬಿದ ಕೊಡ ಹೊತ್ತುಕೊಂಡು ಬಂದಳು.

ಆ ಸಂಜೆ ಅವಳು ಕಟ್ಟಡದ ಅಡಿಯಲ್ಲಿ ಒಣಗಲು ಬಿಟ್ಟಿದ್ದ ಜಾಲಿಯ ಟೊಂಗೆಯೊಂದನ್ನು ಕಡಿಯದೆ ಇಡಿಯಾಗಿ ಎಳೆದು ತಂದಳು. ಆಳೆತ್ತರಕ್ಕಿಂತ ಉದ್ದವಿತ್ತು. ಬುಡವನ್ನು ಒಲೆಗೆ ಹಚ್ಚಿದಳು. ಉಳಿದದ್ದು ಯಂಕಪ್ಪ ಮಲಗುವ ಜಾಗವನ್ನು ದಾಟಿ, ಬಾಗಿಲಿನಿಂದ ಹೊರಗೆ, ಮಳೆಯಲ್ಲಿ ಚಾಚಿಕೊಂಡಿತು. ಬೆಂಕಿ ಒಂದು ಗೇಣು ತಿಂದಾಗೊಮ್ಮೆ ಅವಳು ಎದ್ದು ಒಂದು ಗೇಣು ಒಳಗೆಳೆಯುತ್ತಿದ್ದಳು. ಮಗಳು ಮೂಲೆಯಲ್ಲಿ ಮೊಣಕಾಲು ಮಡಚಿ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದಳು.

ಯಂಕಪ್ಪ ತೊಯ್ದು ಬಂದು ಬಾಗಿಲಲ್ಲಿ ನಿಂತ.

"ಏನಿದು?"

"ಕಟಿಗಿ," ಅಂದಳು ಸಾಬವ್ವ, ತಲೆ ಎತ್ತದೆ ಹಿಟ್ಟು ಬಡಿಯುತ್ತ.

ಅವನು ಲುಂಗಿ ಎತ್ತಿಕೊಂಡು, ಮುಳ್ಳುಗಳ ನಡುವೆ ಕಾಲಿಡಲು ಜಾಗ ಹುಡುಕತೊಡಗಿದ.