ಕಾಪುವಿನ ನಾಯಿಗಳ ಬಾಯಮ್ಮ

ಜೆರ್ಟ್ರೂಡ್ ಬಾಯಿಯವರು ಯಾರಲ್ಲಿಯೂ ಏನನ್ನೂ ಬೇಡಿದವರಲ್ಲ. ಎದುರಿಗಿದ್ದವರು ಆಗಲೇ ಒಪ್ಪಿಬಿಟ್ಟಿದ್ದಾರೆಂದು ತಿಳಿದೇ ಮಾತಿಗೆ ತೊಡಗುತ್ತಿದ್ದರು. "ಉಳಿದ ಅನ್ನವನ್ನು ನೀವು ಚೆಲ್ಲುವುದಿಲ್ಲ, ಅಲ್ವಾ?" ಎಂದು ಹೋಟೆಲಿನ ಭಟ್ಟರನ್ನು ಕೇಳಿ, ಉತ್ತರ ಹುಟ್ಟುವ ಮೊದಲೇ ಪಾತ್ರೆಯನ್ನು ಮುಂದೆ ಹಿಡಿಯುತ್ತಿದ್ದರು. ಆ ಎರಡಕ್ಷರದ ಎದುರು ಕಾಪು ಪೇಟೆಯ ಘಟಾನುಘಟಿಗಳೂ ಪಾತ್ರೆ ತುಂಬಿಸಿ ಕಳಿಸಿದ್ದುಂಟು.

ಐವತ್ತರ ದಶಕದಲ್ಲಿ ಕಾಪುವಿನ ಸುತ್ತಮುತ್ತ ಹೆರಿಗೆ ಮಾಡಿಸುತ್ತಿದ್ದವರು ಅವರು. ಮುಂಬಯಿಯ ಹಡಗೊಂದರಲ್ಲಿ ಅಡುಗೆಯವರಾಗಿದ್ದ ಗಂಡ ಮೌರಿಸ್ ತೀರಿಕೊಂಡಾಗ ಮನೆಗೆ ಬಂದದ್ದು ಮೊಣಕಾಲು ಮುಟ್ಟುವ ಒಂದು ನೀಲಿ ಕೋಟು. ಸೀರೆಯ ಮೇಲೆ ಅದನ್ನೇ ತೊಟ್ಟು, ಬಲಗಡೆಯ ಜೇಬಿನಲ್ಲಿ ಕತ್ತರಿ, ನೂಲು, ಸಾಬೂನು, ಎಡಗಡೆಯದರಲ್ಲಿ ಒಣಮೀನಿನ ತಲೆಗಳನ್ನು ತುಂಬಿಕೊಂಡು, ಹೆಗಲು ಮುಂದಾಗಿ, ಗಾಳಿಗೆ ಎದುರಾಗಿ ದೋಣಿ ನೂಕುವವರಂತೆ ಅವರು ನಡೆದು ಬರುತ್ತಿದ್ದರೆ ಹಿಂದೆ ಬೀದಿನಾಯಿಗಳ ಮೆರವಣಿಗೆ. ಜೇಬುಗಳು ಒಮ್ಮೆಯೂ ಅದಲುಬದಲಾಗಲಿಲ್ಲವೆಂದು ಬಾಣಂತಿಯರು ಪ್ರಮಾಣ ಮಾಡಿ ಹೇಳುತ್ತಿದ್ದರು.

ಕಾಲು ಮುರಿದ ನಾಯಿಗೆ ಬಿದಿರಿನ ಸೀಳು ಕಟ್ಟುವುದು, ಬಾವಿಗೆ ಬಿದ್ದುದನ್ನು ಬುಟ್ಟಿಯಿಳಿಸಿ ಎತ್ತಿಸುವುದು, ತಾಯಿ ಸತ್ತ ಮರಿಗಳಿಗೆ ಮನೆ ಹುಡುಕುವುದು, ಎಲ್ಲವೂ ಅವರಿಗೆ ಹೆರಿಗೆಯ ಕೆಲಸದ ಮುಂದುವರಿಕೆಯೇ. ಪಕ್ಕದ ಮಟ್ಟು ಊರಿನ ರೈತರೊಬ್ಬರು ಮೊಮ್ಮಗ ಹುಟ್ಟಿದ ಸಂತೋಷಕ್ಕೆ ಬುಟ್ಟಿ ತುಂಬ ಗುಳ್ಳ ಬದನೆ ಕಳಿಸಿದರು. ಬಾಯಿ ಬದನೆಯನ್ನು ತೆಗೆದಿಟ್ಟುಕೊಂಡು, ಬರಿ ಬುಟ್ಟಿ ಮರಳಿಸುವುದು ಮರ್ಯಾದೆಯಲ್ಲವೆಂದು ಅದರಲ್ಲಿ ಒಂದು ನಾಯಿಮರಿಯನ್ನು ಕೂರಿಸಿ ಕಳಿಸಿದರು. ಆ ಮನೆಯಲ್ಲಿ ಕೂಸೂ ಮರಿಯೂ ಒಟ್ಟಿಗೆ ಅಂಬೆಗಾಲಿಟ್ಟವು.

ಹೀಗಿರುವಾಗ ಬಸ್ ನಿಲ್ದಾಣದ ಏಜೆಂಟ್ ಜೋಕಿಮನಿಗೆ ಒಂದು ಕೆಂದು ನಾಯಿ ಕಚ್ಚಿತು. ಬಾಯಿ ಅವನನ್ನು ಮುಂದಿನ ಬಸ್ಸಿನಲ್ಲೇ ಉಡುಪಿಗೆ ಕರೆದೊಯ್ದು ಸೂಜಿ ಹಾಕಿಸಿದರು; ಹುಚ್ಚು ಉಂಟೋ ಇಲ್ಲವೋ ತಿಳಿಯುವವರೆಗೆ ನಾಯಿಯನ್ನು ತಮ್ಮ ಜಗಲಿಯಲ್ಲೇ ಕಟ್ಟಿದರು. ವಾರಗಳು ಉರುಳಿದರೂ ಅದು ಗಡದ್ದಾಗಿ ಉಂಡು ಮಲಗಿತ್ತು. ಆದರೆ ಅಷ್ಟರಲ್ಲಿ ಯಾರೋ ದೂರು ಕೊಟ್ಟು, ಪೇಟೆಯಲ್ಲಿ ಡಂಗುರವಾಯಿತು: ಕೊರಳಲ್ಲಿ ಪಟ್ಟಿಯಿಲ್ಲದ ನಾಯಿಗಳನ್ನೆಲ್ಲ ಸೋಮವಾರ ಗುಂಡಿಕ್ಕಿ ಕೊಲ್ಲಲಾಗುವುದು.

ಬಾಯಿ ಅಳುತ್ತ ಕೂರಲಿಲ್ಲ. ತಮ್ಮ ಹಳೆಯ ಸೀರೆಗಳ ಅಂಚು ಹರಿದರು. ಸಾಲದೆ ಹೋದಾಗ ಮನೆಮನೆಯಿಂದ ಅಂಚು ಕೇಳಿ ತಂದರು. ಸೋಮವಾರ ಬೆಳಿಗ್ಗೆ ಹೆಲ್ತ್ ಇನ್‌ಸ್ಪೆಕ್ಟರರು ಕೋವಿಯವನೊಂದಿಗೆ ಬಸ್ಸಿಳಿದಾಗ, ಪೇಟೆಯ ನಾಯಿಗಳೆಲ್ಲ ಮದುವೆಗೆ ಹೊರಟವರಂತೆ ಜರಿಯಂಚು ತೊಟ್ಟು ನಿಂತಿದ್ದವು.

ಇನ್‌ಸ್ಪೆಕ್ಟರರಿಗೆ ನಗು ಬಂತು, ಆದರೆ ಬಿಡಲಿಲ್ಲ. "ಪಟ್ಟಿ ಯಾರು ಬೇಕಾದರೂ ಕಟ್ಟಬಹುದು, ಬಾಯಮ್ಮ. ಯಜಮಾನರು ಎದುರು ಬಂದು ಹೇಳಲಿ."

ಬಾಯಿ ಜನರತ್ತ ತಿರುಗಿದರು. ಇದು 'ಅಲ್ವಾ?' ಎಂದು ಪಾತ್ರೆ ಹಿಡಿದರೆ ಆಗುವ ಕೆಲಸವಲ್ಲ. ಅನ್ನ ಕೊಡುವುದು ಬೇರೆ, ಕೋವಿಯ ಎದುರು ಬಂದು ನನ್ನದೆನ್ನುವುದು ಬೇರೆ ಎಂಬುದು ಅವರಿಗೂ ತಿಳಿದಿತ್ತು.

ಮೊದಲು ಮುಂದೆ ಬಂದವರು ಒಣಮೀನಿನ ವ್ಯಾಪಾರಿ ಶೇಕಬ್ಬ. "ನಾಯಿಯನ್ನು ನಾನು ಮುಟ್ಟುವುದಿಲ್ಲ, ಮನೆಗೆ ಹತ್ತಿಸುವುದೂ ಇಲ್ಲ. ಆದರೆ ಗೋದಾಮಿನ ಹೊರಗೆ ಮಲಗುವ ಆ ಎರಡೂ ನನ್ನವು. ಇಲ್ಲದಿದ್ದರೆ ಬೆಕ್ಕುಗಳಿಂದ ಮೀನು ಕಾಯುವುದು ಯಾರು?" ಎಂದರು.

"ಆ ಬಿಳಿಯದ್ದು ನಮ್ಮದು," ಎಂದು ಭಟ್ಟರು ಹೋಟೆಲಿನ ಮೆಟ್ಟಿಲ ಮೇಲಿಂದಲೇ ಹೇಳಿದರು. ಮೀನಿನ ಬುಟ್ಟಿ ಹೊತ್ತ ಹೆಂಗಸರು ಬುಟ್ಟಿಯಿಳಿಸಿ ತಮ್ಮ ಸೀರೆಯ ಅಂಚಿನ ಗುರುತು ಹಿಡಿದು ಒಂದೊಂದನ್ನೇ ಕರೆದರು. ಒಂದು ಕುಂಟುನಾಯಿಗೆ ಇಬ್ಬರು ವಾರಸುದಾರರಾಗಿ ಸಣ್ಣ ಜಗಳವೂ ಆಯಿತು.

ಕೊನೆಗೆ ಉಳಿದದ್ದು ಕೆಂದು ನಾಯಿ. ಬಾಯಿ ಅದರ ಹಗ್ಗವನ್ನು ಮುಷ್ಟಿಗೆ ಸುತ್ತಿಕೊಂಡು, "ಇದು ನನ್ನದು," ಎಂದರು. ಇನ್‌ಸ್ಪೆಕ್ಟರರು ತಲೆಯಾಡಿಸಿದರು. "ಕಚ್ಚಿದ ನಾಯಿ, ಬಾಯಮ್ಮ. ದೂರು ಉಂಟು. ನಾನು ಎಂತ ಮಾಡಲಿ?"

ಆಗ ಬಸ್ಸಿನ ಹಿಂದಿನಿಂದ ಜೋಕಿಮ್ ಕುಂಟುತ್ತ ಬಂದ. "ಕಚ್ಚಿಸಿಕೊಂಡವನು ನಾನು. ದೂರು ನನ್ನದಲ್ಲ," ಎಂದ. "ಬಸ್ಸಿನ ಹಿಂದೆ ಓಡುವಾಗ ಅದರ ಬಾಲ ತುಳಿದದ್ದು ನಾನೇ. ನನಗೆ ಬಾಲವಿದ್ದು ನೀವು ತುಳಿದಿದ್ದರೆ ನಾನೂ ಕಚ್ಚುತ್ತಿದ್ದೆ, ಸ್ವಾಮಿ." ಬಾಯಿಯ ಕೈಯಿಂದ ಹಗ್ಗ ತೆಗೆದುಕೊಂಡು, "ಇನ್ನು ಮೇಲೆ ಇದು ನನ್ನ ಮನೆಯಲ್ಲಿರಲಿ. ನಮ್ಮಿಬ್ಬರ ಲೆಕ್ಕ ನಾವೇ ನೋಡಿಕೊಳ್ಳುತ್ತೇವೆ," ಎಂದ.

ಮೊದಲು ನಕ್ಕವನು ಕೋವಿಯವನು. ಆಮೇಲೆ ನಗು ಪೇಟೆಯ ಈ ತುದಿಯಿಂದ ಆ ತುದಿಗೆ ಹಬ್ಬಿತು. ಭಟ್ಟರು ಇನ್‌ಸ್ಪೆಕ್ಟರರಿಗೂ ಕೋವಿಯವನಿಗೂ ಚಹಾ ಕುಡಿಸಿ, ಬಂದ ಬಸ್ಸಿನಲ್ಲೇ ಉಡುಪಿಗೆ ಹತ್ತಿಸಿದರು. ಜನ ಚದುರಿದ ಮೇಲೆ ಬಾಯಿ ಹೋಟೆಲಿನ ಬೆಂಚಿನ ಮೇಲೆ ಕುಳಿತು, ಯಾರಿಗೂ ಕಾಣದ ಹಾಗೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮುಂದೆ ಆ ಕೆಂದು ನಾಯಿ ಜೋಕಿಮನ ಜೊತೆ ದಿನವೂ ನಿಲ್ದಾಣಕ್ಕೆ ಬಂದು, ಅವನು ಊರುಗಳ ಹೆಸರು ಕೂಗುವಾಗ ತಾನೂ ದನಿಗೂಡಿಸುತ್ತಿತ್ತು. ಅರವತ್ತರ ದಶಕದಲ್ಲಿ ಆ ದಾರಿಯಲ್ಲಿ ಓಡಾಡಿದವರಿಗೆ ಅದು ನೆನಪಿರಬಹುದು.

ಕೆಲವು ಪುಣ್ಯಾತ್ಮರು ತಮ್ಮ ಪಾಲಿನ ಒಳಿತನ್ನು ತಾವೇ ಮಾಡಿ ಮುಗಿಸುತ್ತಾರೆ. ಊರು ಅವರಿಗೆ ಕೈಮುಗಿದು ತನ್ನ ದಾರಿ ಹಿಡಿಯುತ್ತದೆ. ಇನ್ನೊಂದು ಜಾತಿಯವರು ವಿರಳ. ಅವರ ಜೊತೆ ಬದುಕುವುದು ತುಸು ಕಿರಿಕಿರಿಯೇ, ಏಕೆಂದರೆ ನಮ್ಮಲ್ಲಿ ಇದೆಯೆಂದು ನಮಗೇ ಗೊತ್ತಿಲ್ಲದ ದಯೆಯನ್ನು ಅವರು ಇದ್ದೇ ಇದೆಯೆಂದು ನಂಬಿ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಅವರನ್ನು ಬರಿಗೈಯಲ್ಲಿ ಕಳಿಸಲು ನಾಚಿಕೆಪಟ್ಟೇ ಎಷ್ಟೋ ಊರುಗಳು ಒಳ್ಳೆಯವಾಗಿವೆ.